ಸ್ವೇಡ್ ಚರ್ಮ ಮತ್ತು ಬಾಂದ್ರಾದ ಮಳೆ

ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸರಾಸರಿ 2000 ಮಿ.ಮೀ.ಗೂ ಮಿಕ್ಕಿ ಮಳೆ ದಾಖಲಾಗುತ್ತದೆ. 2005ರ ಜುಲೈ 26–27ರ 24 ಗಂಟೆಗಳಲ್ಲಿ ಅಲ್ಲಿ ಸುರಿದದ್ದು 944 ಮಿ.ಮೀ. ಆ ಕೇಂದ್ರದಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕಿರುವ ಬಾಂದ್ರಾದ ಲಿಂಕಿಂಗ್ ರೋಡ್ ಇಡೀ ನಗರಕ್ಕೆ ಪಾದರಕ್ಷೆಗಳ ಪೇಟೆಯೆಂದೇ ಹೆಸರಾಗಿದ್ದು, ಅಲ್ಲಿ ಕೊಳ್ಳುವ ಬೂಟುಗಳಲ್ಲಿ ನೀರನ್ನು ಎಲ್ಲಕ್ಕಿಂತ ಕಡಿಮೆ ತಾಳಿಕೊಳ್ಳುವಂಥದು ಸ್ವೇಡ್, ಅಂದರೆ ಮಖಮಲ್ಲಿನಂತೆ ನವಿರಾದ ಎಳೆಗಳು ಎದ್ದುನಿಂತಿರುವ ಚರ್ಮ. ಇದನ್ನು ಮಳೆಯಿಂದ ಕಾಪಾಡಲು ಸಿಗುವ ಸ್ಪ್ರೇ ಡಬ್ಬಿಗಳು ನಿಜವಾಗಿಯೂ ಕೆಲಸ ಮಾಡುತ್ತವೆ, ಆದರೆ ಭೌತವಿಜ್ಞಾನ ಹಾಕಿಕೊಟ್ಟ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ಎಲ್ಲಿದೆ ಎಂಬುದು ಚರ್ಮದ ರಚನೆಯನ್ನು ನೋಡಿದರೆ ಗೊತ್ತಾಗುತ್ತದೆ.

ಪ್ರಾಣಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲನ್ನೂ ಹೊರಪದರವನ್ನೂ ತೆಗೆದ ಮೇಲೆ ಉಳಿಯುವ ಒಳಚರ್ಮದಲ್ಲಿ ಎರಡು ಸ್ತರಗಳಿರುತ್ತವೆ. ಕೂದಲಿದ್ದ ಬದಿಯ ಸ್ತರದಲ್ಲಿ ನಾರುಗಳು ಬಹು ಸಣ್ಣವಾಗಿ, ಒತ್ತಾಗಿ ಹೆಣೆದುಕೊಂಡಿದ್ದರೆ, ಮಾಂಸದ ಬದಿಯ ಸ್ತರದಲ್ಲಿ ಅವೇ ನಾರುಗಳು ದಪ್ಪ ಕಟ್ಟುಗಳಾಗಿ, ಸಡಿಲವಾಗಿ ಅಡ್ಡಾದಿಡ್ಡಿ ಹಾಯ್ದಿರುತ್ತವೆ. ಸಾಮಾನ್ಯ ಬೂಟಿನಲ್ಲಿ ಮೊದಲನೆಯ ಸ್ತರ ಹೊರಗಿದ್ದು, ಅದರ ಮೇಲೆ ಬಣ್ಣ ಮತ್ತು ಪಾಲಿಶಿನ ಹೊದಿಕೆಯೂ ಇರುತ್ತದೆ. ಸ್ವೇಡ್‌ಗಾದರೋ ದನದ ದಪ್ಪ ಚರ್ಮವನ್ನು ಯಂತ್ರದಲ್ಲಿ ಅಡ್ಡಲಾಗಿ ಸೀಳಿ ಕೆಳಗಿನ ಹೋಳನ್ನು, ಇಲ್ಲವೇ ಆಡು ಕುರಿಗಳ ತೆಳು ಚರ್ಮದ ಮಾಂಸದ ಬದಿಯನ್ನು ತೆಗೆದುಕೊಂಡು, ಉಜ್ಜುಕಾಗದದಿಂದ ತೀಡಿ ನಾರುಗಳ ತುದಿಗಳನ್ನು ಎಬ್ಬಿಸುತ್ತಾರೆ. ಸ್ವೇಡ್‌ನ ಚೆಲುವಿಗೆ ಕಾರಣವಾದ ಈ ತೆರೆದ ತುದಿಗಳೇ ನೀರಿಗೂ ಬಾಗಿಲಾಗುತ್ತವೆ.

ಬಾಂದ್ರಾಕ್ಕೆ ಚರ್ಮದೊಡನೆ ಇರುವ ಸಂಬಂಧ ಕೇವಲ ಮಾರಾಟದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ನಗರದ ದೊಡ್ಡ ಕಸಾಯಿಖಾನೆ 1971ರಲ್ಲಿ ದೇವನಾರಿಗೆ ಹೋಗುವವರೆಗೂ ಬಾಂದ್ರಾದಲ್ಲಿಯೇ ಇತ್ತು. ಅಲ್ಲಿಯ ಹಸಿ ತೊಗಲನ್ನು ಹದ ಮಾಡಲು ಮಿಠಿ ನದಿಯ ಆಚೆಯ ಧಾರಾವಿಯಲ್ಲಿ ತಮಿಳುನಾಡಿನಿಂದ ಬಂದ ಚರ್ಮಕಾರರು ನೆಲೆಸಿದರು. ಹದ ಮಾಡುವ ಕೆಲಸ ಅಲ್ಲಿಂದ ಹೆಚ್ಚುಕಡಿಮೆ ಹೊರಗೆ ಹೋಗಿದ್ದರೂ ಚೀಲ, ಜಾಕೆಟ್, ಬೆಲ್ಟುಗಳನ್ನು ಹೊಲಿಯುವ ಕುಶಲ ಕೈಗಳು ಇಂದಿಗೂ ಧಾರಾವಿಯಲ್ಲಿವೆ.

ಚರ್ಮದ ನಾರು ಕೊಲಾಜೆನ್ ಎಂಬ ಪ್ರೋಟೀನಿನದು. ಮೂರು ಎಳೆಗಳು ಹುರಿಗೊಂಡಿರುವ ಇದರ ಅಣುವಿಗೆ ನೀರಿನ ಮೇಲೆ ಬಲವಾದ ಸೆಳೆತವಿದೆ. ನಾರುಗಳ ನಡುವಣ ಕಿರಿದಾದ ಸಂದುಗಳಲ್ಲಿ ನೀರು ತಾನಾಗಿಯೇ ಏರಿ ಹರಡುವುದಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. ಹೀಗೆ ಹರಡುವ ನೀರು ಬಣ್ಣದ ಕಣ, ಲವಣ, ಧೂಳು ಮತ್ತು ಹದದ ಕೊನೆಯಲ್ಲಿ ಚರ್ಮಕ್ಕೆ ಉಣ್ಣಿಸಿದ ಎಣ್ಣೆಯ ಒಂದಷ್ಟು ಭಾಗವನ್ನು ತನ್ನೊಡನೆ ಒಯ್ಯುತ್ತದೆ. ಒದ್ದೆಯಾದ ಜಾಗ ಅಂಚಿನಲ್ಲಿ ಬೇಗ ಒಣಗುವುದರಿಂದ ನಡುವಿನ ನೀರು ಅಂಚಿನ ಕಡೆಗೆ ಹರಿದು, ಹೊತ್ತದ್ದನ್ನೆಲ್ಲ ಅಲ್ಲಿಯೇ ಇಳಿಸಿ ಆವಿಯಾಗುತ್ತದೆ; ಒಂದೆರಡು ಹನಿ ಬಿದ್ದ ಬೂಟಿನ ಮೇಲೆ ಕಪ್ಪು ಉಂಗುರ ಮೂಡುವುದು ಹೀಗೆ. ಬಾಂದ್ರಾದ ಕಡಲದಂಡೆಯ ಬ್ಯಾಂಡ್‌ಸ್ಟಾಂಡಿನಲ್ಲಿ ಅಲೆಗಳ ತುಂತುರು ಸಿಡಿದಾಗ ಉಳಿಯುವ ಬಿಳಿ ಗೆರೆಗಳಿಗೂ ಇದೇ ಕಾರಣ, ಬಣ್ಣದ ಬದಲು ಅಲ್ಲಿ ಉಪ್ಪು ಶೇಖರವಾಗಿರುತ್ತದೆ. ಇನ್ನು ಎಣ್ಣೆ ಕಳೆದುಕೊಂಡ ನಾರುಗಳು ಒಣಗುವಾಗ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಚರ್ಮ ಸೆಟೆದು ಬಿರುಸಾಗುತ್ತದೆ, ಎದ್ದುನಿಂತ ಎಳೆಗಳು ಜಡೆಗಟ್ಟುತ್ತವೆ.

ಸ್ಪ್ರೇ ಡಬ್ಬಿಯ ಲೇಪ ಮಾಡುವ ಕೆಲಸವೆಂದರೆ ನಾರಿನ ಮೇಲ್ಮೈಯ ಸೆಳೆತವನ್ನು ಇಳಿಸುವುದು. ನೀರಿನ ಅಣುಗಳು ಒಂದನ್ನೊಂದು ಹಿಡಿದೆಳೆಯುವುದರಿಂದ ನೀರಿನ ಮೇಲ್ಮೈಯಲ್ಲಿ ಉಂಟಾಗುವ ಬಲಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಅಡಿಯಲ್ಲಿರುವ ಹಾಸು ನೀರನ್ನು ಸೆಳೆಯದಿದ್ದರೆ ಹನಿ ಈ ಬಲದಿಂದ ಉರುಟಾಗಿ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಹನಿಯ ಅಂಚು ಹಾಸಿನೊಡನೆ ಮಾಡುವ ಕೋನ, ಅಂದರೆ ಸ್ಪರ್ಶಕೋನ, 90 ಡಿಗ್ರಿಗಿಂತ ಹೆಚ್ಚಾದಾಗ ಲೋಮನಾಳ ಕ್ರಿಯೆ ತಿರುಗುಮುರುಗಾಗಿ, ಸಂದುಗಳು ನೀರನ್ನು ಒಳಗೆಳೆಯುವ ಬದಲು ಹೊರಗೆ ತಳ್ಳುತ್ತವೆ. ಈ ತಳ್ಳುವಿಕೆಗೆ ಒಂದು ಲೆಕ್ಕವಿದೆ. ಸಂದು ದುಂಡು ಕೊಳವೆಯಂತಿದ್ದು ಅದರ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಸ್ಪರ್ಶಕೋನ 120 ಡಿಗ್ರಿ ಎಂದುಕೊಂಡರೆ, ಅದು ತಡೆದು ನಿಲ್ಲಿಸಬಲ್ಲದ್ದು ಸುಮಾರು 15 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ಮಾತ್ರ. ಸಂದು ಇಮ್ಮಡಿ ಅಗಲವಾದರೆ ತಡೆ ಅರ್ಧಕ್ಕಿಳಿಯುತ್ತದೆ. ಆದರೆ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಬೀಳುವ 5 ಮಿ.ಮೀ. ವ್ಯಾಸದ ದಪ್ಪ ಮಳೆಹನಿ ಅಪ್ಪಳಿಸಿದ ಕ್ಷಣದಲ್ಲಿ ಹಾಕುವ ಒತ್ತಡ ಸರಿಸುಮಾರು 4 ಮೀಟರ್ ನೀರಿನದ್ದಕ್ಕೆ ಸಮ. ಒದ್ದೆ ಕಾಲುದಾರಿಯಲ್ಲಿ ಹೆಜ್ಜೆ ಮಡಿಚುವಾಗಲೂ ನೀರು ಒತ್ತಿಕೊಂಡು ಒಳಹೋಗುತ್ತದೆ. ಜಿನುಗು ಮಳೆಯಲ್ಲಿ ಟ್ಯಾಕ್ಸಿಯಿಂದಿಳಿದು ಬಾಗಿಲು ಸೇರುವಷ್ಟಕ್ಕೆ ಲೇಪ ಸಾಕಾಗುವುದೂ, ಜುಲೈ ತಿಂಗಳ ಜಡಿಮಳೆಗೆ ಎಷ್ಟು ಬೆಲೆಬಾಳುವ ಲೇಪವೂ ಸೋಲುವುದೂ ಈ ಅಂತರದಿಂದಲೇ.

ಲೇಪಗಳಲ್ಲಿ ಎರಡು ಬಗೆ ಮುಖ್ಯ. ಸಿಲಿಕೋನ್ ಆಧಾರಿತ ಲೇಪ ನೀರನ್ನು ಒಲ್ಲದಿದ್ದರೂ ಎಣ್ಣೆಯನ್ನು ತಡೆಯಲಾರದು, ಎಂಜಿನ್ ಎಣ್ಣೆ ತೇಲುವ ರಸ್ತೆ ನೀರು ಅದನ್ನು ಸುಲಭವಾಗಿ ದಾಟುತ್ತದೆ. ಫ್ಲೋರಿನ್ ಉಳ್ಳ ಲೇಪಗಳು ಎರಡನ್ನೂ ತಡೆಯುತ್ತವೆ. ಇವುಗಳ ಆರಂಭಕ್ಕೂ ಒಂದು ಬೂಟಿಗೂ ನಂಟಿದೆ: 1953ರಲ್ಲಿ ಅಮೆರಿಕದ ತ್ರೀ ಎಂ ಕಂಪನಿಯ ಪ್ರಯೋಗಾಲಯದಲ್ಲಿ ಸಹಾಯಕಿಯೊಬ್ಬರ ಕ್ಯಾನ್ವಾಸ್ ಬೂಟಿನ ಮೇಲೆ ಫ್ಲೋರಿನ್ ಸಂಯುಕ್ತವೊಂದು ಚೆಲ್ಲಿದಾಗ, ಆ ಕಲೆ ಯಾವುದರಿಂದ ತೊಳೆದರೂ ಹೋಗದಿದ್ದುದನ್ನು ಪ್ಯಾಟ್ಸಿ ಶರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಗಮನಿಸಿದರು, 1956ರಲ್ಲಿ ಸ್ಕಾಚ್‌ಗಾರ್ಡ್ ಮಾರುಕಟ್ಟೆಗೆ ಬಂತು. ಇಂಗಾಲ ಮತ್ತು ಫ್ಲೋರಿನ್ನಿನ ಬಂಧ ಅತಿ ಗಟ್ಟಿಯಾಗಿರುವುದರಿಂದ ಈ ವರ್ಗದ ರಾಸಾಯನಿಕಗಳು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿದು ಮನುಷ್ಯರ ರಕ್ತವನ್ನು ಸೇರುತ್ತಿವೆ ಎಂಬುದು ಅನಂತರ ತಿಳಿಯಿತು. ಸ್ಟಾಕ್‌ಹೋಮ್ ಒಪ್ಪಂದ ಇವುಗಳಲ್ಲಿ ಪಿಎಫ್‌ಒಎಸ್ ಎಂಬುದನ್ನು 2009ರಲ್ಲಿ ನಿರ್ಬಂಧದ ಪಟ್ಟಿಗೆ, ಪಿಎಫ್‌ಒಎ ಎಂಬುದನ್ನು 2019ರಲ್ಲಿ ನಿರ್ಮೂಲನದ ಪಟ್ಟಿಗೆ ಸೇರಿಸಿದೆ. ಎಣ್ಣೆ ತಡೆಯುವ ಗುಣ ಕಡಿಮೆಯಾದರೂ ಫ್ಲೋರಿನ್ ಇಲ್ಲದ ಲೇಪವನ್ನೇ ಆರಿಸುವುದು ಯೋಗ್ಯ. ಒಂದು ಜೊತೆ ಬೂಟಿನ ಅಂದಕ್ಕಾಗಿ ಕುಡಿಯುವ ನೀರನ್ನು ಕೆಡಿಸುವುದು ಸಲ್ಲದು.

ಯಾವ ಲೇಪವೇ ಆದರೂ ಒಣಗಿದ, ಬ್ರಷ್ಷಿನಿಂದ ಧೂಳು ತೆಗೆದ ಚರ್ಮದ ಮೇಲೆ ಒಂದು ಗೇಣು ದೂರದಿಂದ ತೆಳುವಾಗಿ ಎರಡು ಸಲ ಸಿಂಪಡಿಸಬೇಕು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಚಿಕ್ಕ ಫ್ಲ್ಯಾಟಿನೊಳಗೆ ಈ ಕೆಲಸಕ್ಕೆ ಕೈಹಾಕುವುದು ಅಪಾಯಕರ, ಏಕೆಂದರೆ ಉಸಿರಿನೊಡನೆ ಹೋದ ಸೂಕ್ಷ್ಮ ಹನಿಗಳು ಶ್ವಾಸಕೋಶದ ಗಾಳಿಚೀಲಗಳನ್ನು ತೆರೆದಿಡುವ ದ್ರವದ ಪೊರೆಯನ್ನೇ ಕೆಡಿಸಿ ತೀವ್ರ ಉಸಿರಾಟದ ತೊಂದರೆ ತಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ತೆರೆದ ಬಾಲ್ಕನಿ ಅಥವಾ ಕಟ್ಟಡದ ಟೆರೇಸು ಇದಕ್ಕೆ ತಕ್ಕ ಜಾಗ.

ನೆನೆದ ಸ್ವೇಡ್‌ನ ಆರೈಕೆಯಲ್ಲಿ ಅವಸರವೇ ದೊಡ್ಡ ಹಾನಿ. ಒದ್ದೆಯಾದ ಕೊಲಾಜೆನ್ ಒಂದು ತಾಪಮಾನ ಮೀರಿದರೆ ಹುರಿ ಬಿಚ್ಚಿ ಶಾಶ್ವತವಾಗಿ ಮುದುಡುತ್ತದೆ. ಇಂದಿನ ಹೆಚ್ಚಿನ ಸ್ವೇಡ್‌ನಂತೆ ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿದರೆ, ಅಥಣಿ, ನಿಪ್ಪಾಣಿಗಳ ಕೊಲ್ಹಾಪುರಿ ಚಪ್ಪಲಿಯಂತೆ ಮರದ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಹದಗೊಂಡ ಚರ್ಮ 70–85 ಡಿಗ್ರಿಯಲ್ಲಿಯೇ ಸೋಲುತ್ತದೆ. ಹೇರ್ ಡ್ರೈಯರ್ ಕ್ರೋಮ್ ಹದದ ಚರ್ಮವನ್ನು ಮುದುಡಿಸದಿದ್ದರೂ ಎಣ್ಣೆಯನ್ನು ಹೊರಕ್ಕೆಳೆದು ಬಿರುಸು ಮಾಡುತ್ತದೆ. ಬೂಟಿನೊಳಗೆ ಹಳೆಯ ಹತ್ತಿ ಬಟ್ಟೆ ತುರುಕಿ, ಅದು ಒದ್ದೆಯಾದಂತೆಲ್ಲ ಬದಲಿಸುತ್ತ ಫ್ಯಾನಿನ ಗಾಳಿಗೆ ಇಟ್ಟರೆ ಸಾಕು. ಉಂಗುರದ ಕಲೆ ಬಿದ್ದಿದ್ದರೆ ಇಡೀ ಭಾಗವನ್ನು ಒದ್ದೆ ಸ್ಪಂಜಿನಿಂದ ಒಂದೇ ಸಮನಾಗಿ ತೇವಗೊಳಿಸಿ ಒಣಗಿಸಿದಾಗ ಅಂಚೆಂಬುದೇ ಇಲ್ಲದೆ ಕಲೆ ಮಸುಕಾಗುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಬ್ರಷ್ ಮುಟ್ಟಿಸಬೇಕು.

ಸ್ವೇಡ್ ಜಾಕೆಟ್ಟಿಗಾದರೆ ಮಳೆಗಿಂತ ಹೆಚ್ಚು ಕೇಡು ಬಗೆಯುವುದು ಕಪಾಟಿನೊಳಗಿನ ತೇವ. ಗಾಳಿಯ ಆರ್ದ್ರತೆ ಶೇಕಡಾ 70ನ್ನು ದಾಟಿ ಅಲ್ಲಿಯೇ ನಿಂತರೆ ಬೂಷ್ಟು ಬೆಳೆಯತೊಡಗುತ್ತದೆ, ಬಾಂದ್ರಾದಲ್ಲಿ ಮಳೆಗಾಲವಿಡೀ ಆರ್ದ್ರತೆ ಬಹುಪಾಲು ಅದಕ್ಕಿಂತ ಮೇಲೆಯೇ ಇರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕೂಡಿಹಾಕುವುದರಿಂದ ಹತ್ತಿ ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್ ಇಟ್ಟು, ಬಿಸಿಲು ಕಂಡ ದಿನ ನೆರಳಿನ ಗಾಳಿಗೆ ಹರವಿಡುವುದು ಮೇಲು. ಬಳಕೆಯ ಉಜ್ಜುವಿಕೆಯಿಂದ ಲೇಪ ಸವೆಯುತ್ತ ಬರುವುದರಿಂದ, ಅಕ್ಟೋಬರಿನಲ್ಲಿ ಮತ್ತೆ ತೊಡುವ ಮುನ್ನ ಕಾಣದ ಮೂಲೆಯೊಂದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು: ಹನಿ ಉರುಟಾಗಿ ನಿಂತರೆ ಲೇಪ ಇನ್ನೂ ಉಳಿದಿದೆ, ಹರಡಿ ಬಣ್ಣ ಗಾಢವಾದರೆ ಹೊಸದಾಗಿ ಸಿಂಪಡಿಸಬೇಕಾಗಿದೆ.