ಪಾತ್ರ ಮತ್ತು ಇತಿವೃತ್ತಗಳಿಂದ ಕಾದಂಬರಿಯನ್ನು ಗುರುತಿಸುವ ಬಗೆ

೧. ವಿಷಯ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ವಿಜಯನಗರ, ಅದಕ್ಕೆ ಹೊಂದಿಕೊಂಡಿರುವ ಹಂಪಿನಗರ ಎಂಬ ಬಡಾವಣೆಗಳ ಹೆಸರುಗಳು ತುಂಗಭದ್ರೆಯ ದಡದ ಹಳೆಯ ರಾಜಧಾನಿಯನ್ನು ನೆನಪಿಗೆ ತರುತ್ತವೆ. ಹೆಸರು ಒಂದು, ವಸ್ತು ಎರಡು. ಹೆಸರನ್ನು ಮಾತ್ರ ನಂಬಿ ಹೊರಟ ಯಾತ್ರಿಕನು ಮುನ್ನೂರು ಕಿಲೋಮೀಟರಿಗೂ ಮಿಕ್ಕು ದಾರಿ ತಪ್ಪುವನು. ಪುಸ್ತಕಗಳ ವಿಷಯದಲ್ಲಿ ಇದಕ್ಕೆ ವಿಪರೀತವಾದ ತೊಂದರೆಯೊಂದುಂಟು. ಅಲ್ಲಿ ವಸ್ತುವು ಓದುಗನ ಮನಸ್ಸಿನಲ್ಲಿ ಉಳಿದಿರುತ್ತದೆ, ಹೆಸರು ಅಳಿಸಿಹೋಗಿರುತ್ತದೆ. ಈ ಬಡಾವಣೆಯಂತಹ ಸ್ಥಳಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ಬರುವ ಓದುಗನು, "ವಿಧವೆಯೊಬ್ಬಳು ಮರುಮದುವೆಯಾಗುವ ಕಥೆ, ಬಹಳ ಹಿಂದೆ ಓದಿದ್ದೆ" ಎಂದು ಕೇಳುವುದು ಅಪರೂಪವಲ್ಲ. ಗ್ರಂಥಸೂಚಿಯಾದರೋ ಕರ್ತೃವಿನ ಹೆಸರನ್ನೂ ಕೃತಿಯ ಹೆಸರನ್ನೂ ಬಲ್ಲುದೇ ಹೊರತು ಕಥೆಯನ್ನು ಅರಿಯದು. ಮುಖಪತ್ರವೂ ಮೊದಲ ಹಾಳೆಗಳೂ ಹರಿದುಹೋದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿದಾಗಲೂ ಸಂಶೋಧಕನಿಗೆ ಇದೇ ಕಷ್ಟ ಒದಗುತ್ತದೆ. ಉಪಾಧ್ಯಾಯನಿಗಂತೂ ವಿದ್ಯಾರ್ಥಿಯ ಅರೆನೆನಪಿನಿಂದ ಕೃತಿಯನ್ನು ಊಹಿಸುವುದು ದಿನದ ಕೆಲಸವೇ ಆಗಿದೆ.

ಪಾತ್ರ ಮತ್ತು ಇತಿವೃತ್ತ, ಇವೆರಡರಿಂದ ಒಂದು ಕಾದಂಬರಿಯನ್ನು ನಿಸ್ಸಂದೇಹವಾಗಿ ಗುರುತಿಸುವುದು ಹೇಗೆ, ಎಲ್ಲಿ ಈ ಗುರುತು ಮೋಸಮಾಡುತ್ತದೆ ಎಂಬುದನ್ನು ಕನ್ನಡದ ಪ್ರಸಿದ್ಧ ಕಾದಂಬರಿಗಳ ಆಧಾರದಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

೨. ಲಕ್ಷಣದ ಮೂರು ದೋಷಗಳು

ಒಂದು ವಸ್ತುವನ್ನು ಇತರ ಎಲ್ಲ ವಸ್ತುಗಳಿಂದ ಬೇರ್ಪಡಿಸಿ ತೋರಿಸತಕ್ಕ ಧರ್ಮಕ್ಕೆ ನಮ್ಮ ತಾರ್ಕಿಕರು ಲಕ್ಷಣವೆಂದು ಹೆಸರಿಟ್ಟು, ಅದಕ್ಕೆ ಮೂರು ದೋಷಗಳನ್ನು ಹೇಳಿರುವರು. ಹಸುವಿಗೆ ಕೊಂಬುಂಟೆಂದರೆ ಅದು ಎಮ್ಮೆಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ; ಕಪಿಲವರ್ಣವೆಂದರೆ ಬಿಳಿಯ ಹಸು ಬಿಟ್ಟುಹೋಗುವುದರಿಂದ ಅವ್ಯಾಪ್ತಿ; ಒಂದೇ ಗೊರಸೆಂದರೆ ಯಾವ ಹಸುವಿಗೂ ಸಲ್ಲದಿರುವುದರಿಂದ ಅಸಂಭವ. ಗಂಗೆದೊಗಲೊಂದೇ ಹಸುವಿನ ಅಸಾಧಾರಣ ಧರ್ಮವು. ಕಾದಂಬರಿಗಳನ್ನು ಗುರುತಿಸುವಲ್ಲಿ ನಾವು ಮಾಡುವ ತಪ್ಪುಗಳೆಲ್ಲವೂ ಈ ಮೂರರಲ್ಲಿಯೇ ಅಡಗುತ್ತವೆಂದು ತೋರುತ್ತದೆ.

ಮೊದಲು ಅತಿವ್ಯಾಪ್ತಿ. ಎಳೆಯ ವಯಸ್ಸಿನ ವಿಧವೆಯ ಕಥೆಯೆಂಬ ಗುರುತನ್ನೇ ತೆಗೆದುಕೊಳ್ಳೋಣ. ವಿಧವಾವಿವಾಹವನ್ನು ಮಾನ್ಯಮಾಡಿದ ಶಾಸನವು ೧೮೫೬ರಲ್ಲಿ ಬಂದಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ೧೮೯೯ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ನಾಯಿಕೆಯು ಕಪಟ ಸಂತರ ಕೂಟದಿಂದ ಪಾರಾಗಿ, ವಿದ್ಯೆ ಕಲಿತು, ಭಾಸ್ಕರರಾಯನನ್ನು ವರಿಸುವಳು. 'ಸದ್ಧರ್ಮ ವಿಜಯ'ವೆಂಬ ಉಪನಾಮವೇ ಗ್ರಂಥಕರ್ತನ ನಿಲುವನ್ನು ಸಾರುತ್ತದೆ. ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ದ ಕಾತ್ಯಾಯನಿಯೂ ವಿಧವೆಯೇ. ಮಗುವನ್ನು ಮಾವನ ಮನೆಯಲ್ಲಿ ಬಿಟ್ಟು ರಾಜಾರಾಯನನ್ನು ಮದುವೆಯಾಗುವಳು. ಆದರೆ ಅವಳಿಗೆ ಲಭಿಸುವುದು ವಿಜಯವಲ್ಲ, ಗರ್ಭಪಾತಗಳೂ ಮನಸ್ಸಿನ ಬೇಗೆಯೂ ಮೃತ್ಯುವೂ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬) ಬಾಲವಿಧವೆಯಾಗಿ ಮಡಿಯಲ್ಲಿಯೇ ಮುಪ್ಪಾಗುವಳು. ಮರುಮದುವೆಯ ಪ್ರಶ್ನೆಯೇ ಅವಳ ಮುಂದೆ ಬಾರದು. ಆದರೂ ಇತರ ಹೆಂಗಸರ ಕಷ್ಟವನ್ನು ನೋಡಿ ಕಟ್ಟಳೆಗಿಂತ ಕರುಣೆ ದೊಡ್ಡದೆಂದು ತಾನಾಗಿ ಅರಿಯುವಳು. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (೧೯೬೮) ಎಂಬುದರ ಅಜ್ಜಿಯೂ ಬಾಲವಿಧವೆಯೇ ಸರಿ. ಆದರೆ ಆ ಕೃತಿಯ ಜೀವವು ಮೊಮ್ಮಗ ಸುಬ್ಬರಾಯನೊಡನೆ ಅವಳು ನಡೆಸುವ ದೇವರು, ಸೃಷ್ಟಿ, ಸಂಸಾರಗಳ ವಿಚಾರದಲ್ಲಿದೆ. ಹೀಗೆ ಒಂದೇ ಗುರುತು ನಾಲ್ಕು ಕೃತಿಗಳಿಗೆ ಸಲ್ಲುತ್ತದೆ. ಆ ನಾಲ್ಕರ ತಾತ್ಪರ್ಯಗಳೋ ಪರಸ್ಪರ ವಿರುದ್ಧವಾಗಿವೆ. ಒಂದನ್ನು ಕೇಳಿದ ಓದುಗನಿಗೆ ಮತ್ತೊಂದನ್ನು ಕೊಟ್ಟರೆ ಪುಸ್ತಕ ಮಾತ್ರವಲ್ಲ, ಅಭಿಪ್ರಾಯವೇ ತಲೆಕೆಳಗಾಗುತ್ತದೆ.

ಎರಡನೆಯದು ಅವ್ಯಾಪ್ತಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (೧೯೬೭) ಇದಕ್ಕೆ ಒಳ್ಳೆಯ ಉದಾಹರಣೆ. ನಾಯಿಗುತ್ತಿಯು ತಿಮ್ಮಿಯನ್ನು ಕರೆದುಕೊಂಡು ಓಡಿಹೋಗುವ ಕಥೆಯೆಂದು ಒಬ್ಬನು ಹೇಳುವನು. ಚಿನ್ನಮ್ಮನು ಒಲ್ಲದ ಮದುವೆಯನ್ನು ತಪ್ಪಿಸಿಕೊಂಡು ಕಾಡುಸೇರಿ ಮುಕುಂದಯ್ಯನನ್ನು ಪಡೆಯುವ ಕಥೆಯೆಂದು ಇನ್ನೊಬ್ಬನು. ಐತ ಪೀಂಚಲು ಎಂಬ ದಂಪತಿಗಳ ಮುಗ್ಧ ಪ್ರೇಮವನ್ನು ಮತ್ತೊಬ್ಬನು ನೆನೆಯುವನು. ಹುಲಿಯನೆಂಬ ನಾಯಿಯು ತುಂಗೆಯ ಪ್ರವಾಹದಲ್ಲಿ ಕಳೆದುಹೋಗುವುದೊಂದೇ ನಾಲ್ಕನೆಯವನಿಗೆ ಜ್ಞಾಪಕವಿರುವುದು. ಎಲ್ಲರೂ ನಿಜವನ್ನೇ ಹೇಳುತ್ತಾರೆ. ಆದರೂ ಎಲ್ಲರೂ ಒಂದೇ ಗ್ರಂಥವನ್ನು ಹೇಳುತ್ತಿರುವರೆಂದು ಕೇಳಿದವನಿಗೆ ತೋರದು. ಒಬ್ಬ ನಾಯಕನನ್ನು ಹಿಡಿದು ನಡೆಯದ ಇಂತಹ ಕೃತಿಗೆ ಯಾವ ಒಂದು ಪಾತ್ರವೂ ಲಕ್ಷಣವಾಗಲಾರದು.

ತಲೆಮಾರುಗಳ ಕಥೆಗಳಲ್ಲಿಯೂ ಇದೇ ತೊಡಕು. ಕಾರಂತರ 'ಮರಳಿ ಮಣ್ಣಿಗೆ'ಯ ಆದಿಯಲ್ಲಿ ರಾಮ ಐತಾಳನಿರುವನು, ಅಂತ್ಯದಲ್ಲಿ ಅವನ ಮೊಮ್ಮಗ ರಾಮನಿರುವನು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಹೀಗಾಗಿದೆ. ನಡುವಿನ ಹಾಳೆಗಳು ಕಳೆದುಹೋದ ಪ್ರತಿಯನ್ನು ನೋಡಿದವನು, ಕಡಲಂಚಿನ ಕೋಡಿಯಲ್ಲಿ ಬದುಕಿದ ಒಬ್ಬನೇ ರಾಮನ ಚರಿತ್ರೆಯಿದೆಂದು ಭಾವಿಸುವ ಸಂಭವವುಂಟು. ಅಂತಹ ಪ್ರತಿಯಲ್ಲಿ ನಿಜವಾದ ಸಹಾಯ ದೊರೆಯುವುದು ಪಾರೋತಿ, ಸರಸೋತಿ ಎಂಬ ಹೆಸರುಗಳ ರೂಪದಿಂದ. ಪಾರ್ವತಿ, ಸರಸ್ವತಿ ಎಂಬವು ಆಡುಮಾತಿನಲ್ಲಿ ಹೀಗೆ ಸವೆದುವೆಂಬುದೇ ಕಥೆಯ ನೆಲವನ್ನು ತೋರಿಸುವ ಸಾಕ್ಷಿಯಾಗಿದೆ.

ಮೂರನೆಯ ದೋಷವಾದ ಅಸಂಭವವು ನಮ್ಮ ಕಾಲದಲ್ಲಿ ಚಲನಚಿತ್ರಗಳ ಮೂಲಕ ಹೆಚ್ಚಿದೆ. ಚಿತ್ರದುರ್ಗದ ರಾಮಾಚಾರಿ, ಚಾಮಯ್ಯ ಮೇಷ್ಟರು, ಅಲಮೇಲು, ಮಾರ್ಗರೆಟ್, ಇಷ್ಟು ಹೆಸರುಗಳನ್ನು ಹೇಳಿದರೆ ಕನ್ನಡಿಗರಲ್ಲಿ ಬಹುಮಂದಿ ತ. ರಾ. ಸುಬ್ಬರಾಯರ 'ನಾಗರಹಾವು' ಎನ್ನುವರು. ವಾಸ್ತವವಾಗಿ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ತೆರೆಗೆ ತಂದ ಆ ಚಿತ್ರಕ್ಕೆ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿಕೊಳ್ಳಲಾಗಿದೆ. ಚಿತ್ರದ ಇತಿವೃತ್ತವನ್ನು ಸಮಗ್ರವಾಗಿ ಒಳಗೊಂಡ ಒಂದು ಕಾದಂಬರಿಯನ್ನು ಹುಡುಕುವವನು ಒಂದೇ ಗೊರಸಿನ ಹಸುವನ್ನು ಹುಡುಕಿದಂತೆಯೇ ಸರಿ.

೩. ಹೆಸರಿನ ಬಲಾಬಲ

ಪಾತ್ರದ ಹೆಸರೊಂದೇ ಸಾಕೆನ್ನುವವರಿಗೆ ಇಂದಿರೆಯ ಉದಾಹರಣೆಯನ್ನು ಹೇಳಬಹುದು. ಗುಲ್ವಾಡಿಯವರ ಇಂದಿರಾಬಾಯಿಯ ತರುವಾಯ ೧೯೦೮ರಲ್ಲಿ ಕೆರೂರು ವಾಸುದೇವಾಚಾರ್ಯರ 'ಇಂದಿರಾ' ಬಂದಿತು. ಇವೆರಡಕ್ಕೂ ಹಿಂದೆಯೇ ಬಂಕಿಮಚಂದ್ರರು ಬಂಗಾಳಿಯಲ್ಲಿ 'ಇಂದಿರಾ' ಎಂಬ ಕಥೆಯನ್ನು ಬರೆದಿದ್ದರು; ಅದರ ನಾಯಿಕೆಯು ಗಂಡನ ಮನೆಗೆ ಹೋಗುವ ದಾರಿಯಲ್ಲಿ ದರೋಡೆಗಾರರ ಕೈಗೆ ಸಿಕ್ಕಿ, ಅಡಿಗೆಯವಳಾಗಿದ್ದು, ಗುರುತು ಮರೆಸಿಕೊಂಡೇ ಗಂಡನನ್ನು ಮರಳಿ ಸೇರುವಳು. ಇಂದಿರೆಯೆಂಬ ಹೆಸರಿನಿಂದಲೇ ನಿರ್ಧರಿಸುವವನು ಈ ಮೂವರನ್ನು ಒಬ್ಬಳನ್ನಾಗಿ ಮಾಡುವನು.

ಹಾಗೆಂದು ಹೆಸರು ನಿಷ್ಪ್ರಯೋಜಕವಲ್ಲ. ಬಿ. ವೆಂಕಟಾಚಾರ್ಯರು ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದಾಗ ಮೂಲದ ಹೆಸರುಗಳನ್ನು ಉಳಿಸಿಕೊಂಡರು. ಜಗತ್ಸಿಂಹ, ತಿಲೋತ್ತಮೆ, ಆಯೇಷಾ ಎಂಬವರು ಕಾಣಿಸಿದರೆ ಅದು 'ದುರ್ಗೇಶನಂದಿನಿ'ಯೆಂದು ಧೈರ್ಯವಾಗಿ ಹೇಳಬಹುದು. ಆ ಕಾಲದ ನಾಟಕಗಳ ಸಂಪ್ರದಾಯ ಇದಕ್ಕೆ ವಿರುದ್ಧವಾದುದು. ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ'ದಲ್ಲಿ ಮ್ಯಾಕ್‌ಬೆತ್ ಎಂಬ ಹೆಸರಿಲ್ಲ, ಕೆರೂರರ 'ಸುರತನಗರದ ಶ್ರೇಷ್ಠಿ'ಯಲ್ಲಿ ವೆನಿಸ್ ನಗರವಿಲ್ಲ; ಆದರೂ ಇತಿವೃತ್ತದ ಎಲುಬುಗೂಡಿನಿಂದ ಷೇಕ್ಸ್‌ಪಿಯರನನ್ನು ಗುರುತಿಸಬಹುದು. ಆದುದರಿಂದ ಭಾಷಾಂತರದಲ್ಲಿ ಹೆಸರು ಪ್ರಬಲ, ರೂಪಾಂತರದಲ್ಲಿ ಇತಿವೃತ್ತವು ಪ್ರಬಲ ಎಂದು ಸ್ಥೂಲವಾಗಿ ಹೇಳಬಹುದು.

೪. ಎರಡು ಮನೆಗಳು, ಒಂದು ಹೋಲಿಕೆ

ಹೆಸರು, ಘಟನೆ, ಕಾಲ, ಈ ಮೂರೂ ಹತ್ತಿರ ಹತ್ತಿರವಾಗಿದ್ದಾಗ ನಿರ್ಣಯವು ಹೇಗೆ? 'ಸಂಸ್ಕಾರ' ಮತ್ತು 'ವಂಶವೃಕ್ಷ' ಎರಡೂ ೧೯೬೫ರಲ್ಲಿ ಪ್ರಕಟವಾದುವು. ಎರಡರಲ್ಲಿಯೂ ಶಾಸ್ತ್ರಜ್ಞನೂ ಸದಾಚಾರಿಯೂ ಆದ ಬ್ರಾಹ್ಮಣನೊಬ್ಬನು ಕೇಂದ್ರದಲ್ಲಿರುವನು. ಎರಡರಲ್ಲಿಯೂ ಹೆಂಡತಿಯ ದೇಹಸ್ಥಿತಿಯಿಂದಾಗಿ ದಾಂಪತ್ಯವು ಕುಂಠಿತವಾಗಿದೆ. ಅವರ ಹೆಸರುಗಳೂ ಬೇರೆಯಲ್ಲ. ಪ್ರಾಣೇಶಾಚಾರ್ಯನ ಪತ್ನಿ ಭಾಗೀರಥಿ, ಶ್ರೀನಿವಾಸ ಶ್ರೋತ್ರಿಯ ಪತ್ನಿ ಭಾಗೀರಥಮ್ಮ. ಎರಡರಲ್ಲಿಯೂ ಮತ್ತೊಬ್ಬ ಹೆಂಗಸಿನ ಸನ್ನಿಧಿಯು ಆ ಪಂಡಿತನನ್ನು ಪರೀಕ್ಷಿಸುತ್ತದೆ. ಎರಡರಲ್ಲಿಯೂ ಅವನು ಕಡೆಗೆ ಮನೆಬಿಟ್ಟು ಹೊರಡುವನು. ಇಷ್ಟನ್ನು ಮಾತ್ರ ಕೇಳಿ ಇದು ಇಂತಹುದೇ ಕೃತಿಯೆಂದು ಹೇಳುವುದು ಯಾರಿಂದಲೂ ಆಗದು.

ಭೇದವಿರುವುದು ಗಂಟು ಬಿದ್ದ ಸ್ಥಳದಲ್ಲಿ. ದುರ್ವಾಸಪುರದ ಅಗ್ರಹಾರದಲ್ಲಿ ಆಚಾರಭ್ರಷ್ಟನಾದ ನಾರಣಪ್ಪನು ಸತ್ತಿರುವನು. ಹೆಣಕ್ಕೆ ಸಂಸ್ಕಾರಮಾಡಬೇಕಾದವರು ಯಾರೆಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವಿಲ್ಲ. ಉತ್ತರವನ್ನು ಹುಡುಕಿ ಹೋದ ಪ್ರಾಣೇಶಾಚಾರ್ಯನು ನಾರಣಪ್ಪನ ಚಂದ್ರಿಯನ್ನೇ ಕೂಡುವನು. ಇತ್ತ ಅಗ್ರಹಾರದಲ್ಲಿ ಇಲಿಗಳು ಬೀಳುತ್ತಿರುವುವು. ಆಚಾರ್ಯನ ಪ್ರಶ್ನೆ ಕರ್ಮದ ಪ್ರಶ್ನೆ: ನಾನು ಮಾಡಿದುದು ನನ್ನದೇ? ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬಲ್ಲೆನೇ? ನಂಜನಗೂಡಿನ ಶ್ರೋತ್ರಿಯಾದರೋ ಹೆಂಡತಿಯೇ ಒಪ್ಪಿದರೂ ಮನೆಯ ಲಕ್ಷ್ಮಿಯಿಂದ ಸಂಯಮದಿಂದ ಹಿಮ್ಮೆಟ್ಟುವನು. ಮಗನು ಕಪಿಲೆಯಲ್ಲಿ ಮುಳುಗಿದರೂ, ಸೊಸೆಯು ಬಿಟ್ಟುಹೋದರೂ ಕುಲಧರ್ಮವನ್ನು ಬಿಡನು. ಅಂತಹವನಿಗೆ ಕಡೆಯಲ್ಲಿ ತಾನೇ ಆ ವಂಶದ ರಕ್ತಕ್ಕೆ ಸೇರಿದವನಲ್ಲವೆಂದು ತಿಳಿಯುತ್ತದೆ. ಇದು ಜನ್ಮದ ಪ್ರಶ್ನೆ. ಒಬ್ಬನು ನಿಯಮವನ್ನು ಮುರಿದು ಕಂಗೆಡುವನು; ಇನ್ನೊಬ್ಬನು ನಿಯಮವನ್ನು ಪಾಲಿಸಿಯೂ ಅದರ ಬುಡವು ಬೇರೆಲ್ಲೋ ಇತ್ತೆಂದು ಕಾಣುವನು. ಕಥೆಯನ್ನು ಅರೆಮರೆತ ಓದುಗನಿಗೂ ಈ ಪ್ರಶ್ನೆಯನ್ನು ಮುಂದಿಟ್ಟರೆ ತಾನು ಓದಿದುದು ಯಾವುದೆಂದು ಹೇಳಬಲ್ಲನು.

ವ್ಯಾಧಿಯ ಘಟನೆಗೂ ಇದೇ ನ್ಯಾಯ. ಪ್ಲೇಗು 'ಸಂಸ್ಕಾರ'ದಲ್ಲಿಯೂ ಇದೆ, ಭೈರಪ್ಪನವರ 'ಗೃಹಭಂಗ'ದಲ್ಲಿಯೂ (೧೯೭೦) ಇದೆ. ಮೊದಲನೆಯದರಲ್ಲಿ ಅದು ಹೆಣವನ್ನು ಕಾಯುತ್ತ ಕುಳಿತ ಅಗ್ರಹಾರದ ಮೇಲೆ ಕವಿಯುತ್ತದೆ. ಎರಡನೆಯದರಲ್ಲಿ, ಮೂರ್ಖನಾದ ಗಂಡನನ್ನೂ ಬಾಯಿಬಡಿಕಳಾದ ಅತ್ತೆಯನ್ನೂ ಸಹಿಸಿ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರವನ್ನು ಎತ್ತಿಹಿಡಿದ ನಂಜಮ್ಮನ ಬೆಳೆದ ಮಕ್ಕಳನ್ನು ಒಯ್ಯುತ್ತದೆ. ರೋಗ ಒಂದೇ, ಅದು ಯಾರ ಯಾವ ಪ್ರಯತ್ನವನ್ನು ಮುರಿಯಿತೆಂಬುದೇ ಕೃತಿಯ ಗುರುತು.

೫. ಮನೆಯ ಮೇಲಿನ ಕಾಗೆ

ವೇದಾಂತಿಗಳು ಸ್ವರೂಪಲಕ್ಷಣವನ್ನು ತಟಸ್ಥಲಕ್ಷಣದಿಂದ ಬೇರ್ಪಡಿಸುವರು. ಕಾಗೆ ಕುಳಿತಿರುವುದೇ ದೇವದತ್ತನ ಮನೆಯೆಂಬುದು ತಟಸ್ಥಲಕ್ಷಣ. ಆ ಹೊತ್ತಿಗೆ ಉಪಯುಕ್ತ, ಕಾಗೆ ಹಾರಿದರೆ ವ್ಯರ್ಥ. ಜ್ಞಾನಪೀಠಪ್ರಶಸ್ತಿ ಬಂದುದು, ಚಿತ್ರಕ್ಕೆ ಸ್ವರ್ಣಕಮಲ ದೊರೆತುದು, ಮೊದಲ ಸಾಮಾಜಿಕ ಕಾದಂಬರಿಯೆನಿಸಿದುದು, ಇವೆಲ್ಲ ಇಂತಹ ಕಾಗೆಗಳೇ. 'ಇಂದಿರಾಬಾಯಿ'ಯನ್ನು ಮೊದಲನೆಯದೆಂದು ಬಲ್ಲವರು ಹಲವರು, ಇಂದಿರೆಯು ಏನು ಮಾಡಿದಳೆಂದು ಬಲ್ಲವರು ಕೆಲವರು. ಕೃತಿಯು ಹೀಗೆ ಪಟ್ಟಿಯಲ್ಲಿ ಬದುಕಿ ಓದಿನಲ್ಲಿ ಸಾಯುವುದುಂಟು.

ಐತಿಹಾಸಿಕ ಕಾದಂಬರಿಗಳಲ್ಲಿ ಇತಿಹಾಸವೇ ಕಾಗೆಯಾಗುತ್ತದೆ. ಕೊಡಗಿನ ಕಡೆಯ ಅರಸನು ೧೮೩೪ರಲ್ಲಿ ರಾಜ್ಯವನ್ನು ಇಂಗ್ಲಿಷರಿಗೆ ಕಳೆದುಕೊಂಡನೆಂಬುದು ಚರಿತ್ರೆಯ ಸಂಗತಿ. ಮಾಸ್ತಿಯವರ 'ಚಿಕವೀರರಾಜೇಂದ್ರ'ದ (೧೯೫೬) ಸ್ವರೂಪವು ಅರಸನಿಗೂ ಕುಂಟಬಸವನಿಗೂ ಇರುವ ವಿಲಕ್ಷಣ ಸಂಬಂಧದಲ್ಲಿ, ಬಸವನ ಜನ್ಮದ ಗುಟ್ಟಿನಲ್ಲಿ, ರಾಣಿ ಗೌರಮ್ಮನ ತಾಳ್ಮೆಯಲ್ಲಿ ಇದೆ.

ಕೃತಿಯ ಒಳಗಿನ ವಸ್ತುವೂ ಕೆಲವೊಮ್ಮೆ ಕಾಗೆಯಾಗಬಹುದು. ಕಾರಂತರ 'ಚೋಮನ ದುಡಿ'ಯನ್ನು (೧೯೩೩) ಎಲ್ಲರೂ ದುಡಿಯಿಂದ ಗುರುತಿಸುವರು. ಆದರೆ ದುಡಿಯು ಧ್ವನಿ ಮಾತ್ರ. ಧ್ವನಿಸುವ ವಸ್ತು ಬೇರೆ. ಹೊಲೆಯನಾಗಿ ಹುಟ್ಟಿದವನು ಎತ್ತುಗಳಿದ್ದರೂ ತುಂಡು ಭೂಮಿಯನ್ನು ಸ್ವಂತವಾಗಿ ಬೇಸಾಯಮಾಡಲಾರನೆಂಬ ತಡೆಯೇ ಅದರ ಅಸಾಧಾರಣ ಧರ್ಮ. ಸಾಲಕ್ಕಾಗಿ ಮಕ್ಕಳು ಘಟ್ಟದ ತೋಟಕ್ಕೆ ಹೋಗುವುದು, ಬೆಳ್ಳಿಯ ದುರವಸ್ಥೆ, ಮುಟ್ಟಬಾರದೆಂಬ ಕಟ್ಟಿನಿಂದ ಮಗನೊಬ್ಬನು ನೀರುಪಾಲಾಗುವುದು, ಇವೆಲ್ಲವೂ ಆ ಒಂದು ತಡೆಯ ಬಳಿಗೇ ಹಿಂದಿರುಗುತ್ತವೆ.

೬. ನಿಷ್ಕರ್ಷೆ

ಮೇಲಿನ ವಿಚಾರದಿಂದ ಒಂದು ಕ್ರಮವು ಸಿದ್ಧವಾಗುತ್ತದೆ. ಓದುಗನನ್ನಾಗಲಿ ವಿದ್ಯಾರ್ಥಿಯನ್ನಾಗಲಿ ಮೊದಲು ಕೇಳಬೇಕಾದುದು ಹೆಸರನ್ನಲ್ಲ. ಕಥೆಯಲ್ಲಿ ಯಾರಿಗೆ ಏನು ಬೇಕಾಗಿತ್ತು, ಅದಕ್ಕೆ ಅಡ್ಡಬಂದುದು ಯಾವುದು ಎಂಬುದನ್ನು. ಎರಡನೆಯದಾಗಿ ಅವರಿಗೆ ಪರಸ್ಪರ ಸಂಬಂಧವೇನು. ಹೆಸರು ಮರೆತವರಿಗೂ ಮಾವ, ಸೊಸೆ, ಒಕ್ಕಲು, ಧಣಿ ಎಂಬುದು ನೆನಪಿರುತ್ತದೆ. ಮೂರನೆಯದಾಗಿ ನೆಲ: ಹೊಳೆಯೋ, ಕಡಲೋ, ಮಲೆಯೋ, ಬಯಲೋ, ಜನರ ಮಾತಿನ ಬಗೆ ಯಾವುದು. ನಾಲ್ಕನೆಯದಾಗಿ ಅಂತ್ಯ, ಒಂದೇ ರೀತಿ ಮೊದಲಾಗುವ ಕಥೆಗಳು ಅಲ್ಲಿ ಕವಲೊಡೆಯುತ್ತವೆ. ಹೆಸರು ಇವೆಲ್ಲದರ ಕಡೆಗೆ, ನಿರ್ಣಯವನ್ನು ಖಚಿತಪಡಿಸುವುದಕ್ಕಾಗಿ. ದೊರೆತ ಉತ್ತರವನ್ನು ಮೂರು ದೋಷಗಳ ಒರೆಗಲ್ಲಿಗೆ ಹಚ್ಚಬೇಕು: ಇದು ಬೇರೆ ಕೃತಿಗೂ ಸಲ್ಲುವುದೇ? ಈ ಕೃತಿಯ ಒಂದು ಮೂಲೆಗೆ ಮಾತ್ರ ಸಲ್ಲುವುದೇ? ಅಥವಾ ತೆರೆಯ ಮೇಲೆ ಕಂಡುದೇ ಹೊರತು ಯಾವ ಪುಸ್ತಕದಲ್ಲಿಯೂ ಇಲ್ಲದುದೇ?

ಗ್ರಂಥಸೂಚಿಯ ಪ್ರತಿಯೊಂದು ಕಾದಂಬರಿಯ ಕೆಳಗೆ ಈ ಕ್ರಮದಲ್ಲಿ ಎರಡು ಮೂರು ಪಂಕ್ತಿಗಳನ್ನು ಸೇರಿಸಿದರೆ, ಹೆಸರು ಮರೆತ ಓದುಗನು ಬರಿಗೈಯಲ್ಲಿ ಹಿಂದಿರುಗಬೇಕಾಗಿಲ್ಲ. ಉಪಾಧ್ಯಾಯರು ತರಗತಿಗಳಲ್ಲಿ ಇದನ್ನು ಅಭ್ಯಾಸಮಾಡಿಸಿದರೆ ಇನ್ನೂ ಒಂದು ಪ್ರಯೋಜನವುಂಟು: ವಿಧವೆ, ಪ್ಲೇಗು, ದುಡಿ ಎಂದು ಒಂದು ಮಾತಿನಲ್ಲಿ ಉತ್ತರಿಸಲು ಕಲಿತವನಿಗೆ ಗ್ರಂಥವನ್ನು ಓದುವ ಅಗತ್ಯವೇ ಬೀಳದು, ಅಡ್ಡಬಂದುದು ಯಾವುದೆಂದು ಹೇಳಬೇಕಾದವನು ಓದದೆ ಹೇಳಲಾರನು. ಗುರುತಿಸುವುದು ಬಾಗಿಲನ್ನು ಕಂಡುಕೊಂಡಂತೆ. ಒಳಗೆ ಹೋಗುವ ಕೆಲಸವು ಆಮೇಲಿನದು. ಬಾಗಿಲು ತಪ್ಪದಿರಲೆಂದು ಈ ಕೆಲವು ಮಾತುಗಳನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿದೆ.