ರೇಸ್ ಸೈಕಲ್ ಆಯ್ಕೆ: ತಕ್ಕಡಿಗಿಂತ ಅಳತೆಪಟ್ಟಿ ಮುಖ್ಯ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ಮಾರ್ಗವಾಗಿ ಆಂಧ್ರದ ಗಡಿ ದಾಟುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ರಜಾದಿನಗಳ ಮುಂಜಾನೆ ಬಾಗಿದ ಹ್ಯಾಂಡಲ್ಲಿನ, ತೆಳುಚಕ್ರದ ಸೈಕಲ್‌ಗಳನ್ನು ನೀವು ಕಂಡಿರಬಹುದು. ಅವುಗಳನ್ನು ನೋಡಿ ತಾವೂ ಸ್ಪರ್ಧೆಗೆ ಇಳಿಯಬೇಕೆಂದು ಆಸೆಪಡುವ ವಿದ್ಯಾರ್ಥಿಗಳು ಜಿಲ್ಲೆಯಲ್ಲಿ ಇದ್ದಾರೆ. ನಮ್ಮ ರಾಜ್ಯದಲ್ಲಿ ಸೈಕಲ್ ಸ್ಪರ್ಧೆಗೆ ಹೆಸರಾದದ್ದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಅಲ್ಲಿ ಹಿರಿಯ ಸ್ಪರ್ಧಿಗಳೂ ತರಬೇತುದಾರರೂ ಸಲಹೆಗೆ ಸಿಗುತ್ತಾರೆ. ಶ್ರೀನಿವಾಸಪುರ ಅಥವಾ ಮಾಲೂರಿನ ಹೊಸ ಸ್ಪರ್ಧಿಗೆ ಅಂಥ ಅನುಕೂಲ ಕಡಿಮೆ. ಸೈಕಲ್ಲಿನ ಬೆಲೆಯೋ ಮನೆಯವರ ಹಲವು ತಿಂಗಳ ಉಳಿತಾಯ. ಒಮ್ಮೆ ಕೊಂಡರೆ ಮತ್ತೆ ಕೊಳ್ಳಲು ವರ್ಷಗಳೇ ಬೇಕು. ಆದ್ದರಿಂದ ಆಯ್ಕೆ ಸರಿಯಾಗಿರಬೇಕು.

ಅಂಗಡಿಯಲ್ಲಿ ಒಂದೇ ಬೆಲೆಯ, ನೋಡಲು ಒಂದೇ ತೆರನಾದ ಎರಡು ಸೈಕಲ್‌ಗಳಿದ್ದರೆ ಯಾವುದನ್ನು ಆರಿಸಬೇಕು? ಹೆಚ್ಚಿನವರು ಎರಡನ್ನೂ ಎತ್ತಿನೋಡಿ, ಹಗುರವಾದದ್ದನ್ನು ಕೊಳ್ಳುತ್ತಾರೆ. ಇದು ಸರಿಯೇ? ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬಹುದು.

ಎರಡು ಸೈಕಲ್‌ಗಳು

ಲೆಕ್ಕಕ್ಕಾಗಿ ಎರಡು ಮಾದರಿಗಳನ್ನು ಕಲ್ಪಿಸಿಕೊಳ್ಳೋಣ. ಎರಡಕ್ಕೂ ಅಲ್ಯೂಮಿನಿಯಂ ಚೌಕಟ್ಟು, ಕಾರ್ಬನ್ ನಾರಿನ ಮುಂಗವಲು (ಫೋರ್ಕ್).

ಸೈಕಲ್ ‘ಅ’: ತೂಕ 8.2 ಕಿಗ್ರಾಂ. 25 ಮಿಮೀ ಅಗಲದ ಟೈರು. ರಿಮ್ ಬ್ರೇಕು. ಮುಂದಿನ ಹಲ್ಲುಚಕ್ರಗಳು 53 ಮತ್ತು 39 ಹಲ್ಲಿನವು. ಹಿಂದಿನವು 11ರಿಂದ 25. ಹ್ಯಾಂಡಲ್ ತಗ್ಗಿನಲ್ಲಿದ್ದು ಸವಾರ ಹೆಚ್ಚು ಬಾಗಬೇಕು.

ಸೈಕಲ್ ‘ಆ’: ತೂಕ 9.2 ಕಿಗ್ರಾಂ. 32 ಮಿಮೀ ಟೈರು. ಡಿಸ್ಕ್ ಬ್ರೇಕು. ಮುಂದಿನ ಹಲ್ಲುಚಕ್ರಗಳು 50 ಮತ್ತು 34. ಹಿಂದಿನವು 11ರಿಂದ 32. ಹ್ಯಾಂಡಲ್ ಎರಡೂವರೆ ಸೆಂಮೀ ಎತ್ತರದಲ್ಲಿದೆ.

ಇವುಗಳ ನಡುವೆ ಸರಿಯಾಗಿ 1 ಕಿಗ್ರಾಂ ವ್ಯತ್ಯಾಸವಿದೆ. ಈ ಒಂದು ಕಿಲೋ ಎಷ್ಟು ಮುಖ್ಯ ಎಂಬುದನ್ನು ಮೊದಲು ನೋಡೋಣ.

ಸವಾರನನ್ನು ತಡೆಯುವುದು ಯಾವುದು?

ಸಮತಟ್ಟಾದ ರಸ್ತೆಯಲ್ಲಿ ಸವಾರ ಎದುರಿಸುವುದು ಮುಖ್ಯವಾಗಿ ಎರಡು ತಡೆಗಳನ್ನು. ಒಂದು, ಗಾಳಿಯ ರೋಧ. ಇನ್ನೊಂದು, ಟೈರು ನೆಲದ ಮೇಲೆ ಉರುಳುವಾಗ ಉಂಟಾಗುವ ಉರುಳುರೋಧ.

ಗಾಳಿಯ ರೋಧವು ಗಾಳಿಯ ಸಾಂದ್ರತೆ, ಸವಾರನ ಮುಂಭಾಗದ ಪರಿಣಾಮಕಾರಿ ವಿಸ್ತೀರ್ಣ ಹಾಗೂ ವೇಗದ ವರ್ಗ, ಈ ಮೂರರ ಗುಣಲಬ್ಧದ ಅರ್ಧದಷ್ಟು. ಕೋಲಾರದ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 800 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಗ್ರಾಂ. ಅದೇ ಉಷ್ಣತೆಯಲ್ಲಿ ಕರಾವಳಿಯಲ್ಲಿ ಇದು 1.18ರ ಸಮೀಪ. ಅಂದರೆ ಮಂಗಳೂರಿಗಿಂತ ಮುಳಬಾಗಿಲಿನಲ್ಲಿ ಗಾಳಿಯ ತಡೆ ಶೇಕಡ 10ರಷ್ಟು ಕಡಿಮೆ!

ಸವಾರ 60 ಕಿಗ್ರಾಂ, ಸೈಕಲ್ ಮತ್ತು ನೀರಿನ ಸೀಸೆ 10 ಕಿಗ್ರಾಂ, ವೇಗ ಗಂಟೆಗೆ 36 ಕಿಮೀ (ಸೆಕೆಂಡಿಗೆ 10 ಮೀ) ಎಂದಿಟ್ಟುಕೊಳ್ಳಿ. ಪರಿಣಾಮಕಾರಿ ವಿಸ್ತೀರ್ಣ 0.35 ಚದರ ಮೀಟರ್ ಆದರೆ ಗಾಳಿಯನ್ನು ಸೀಳಲು ಬೇಕಾಗುವ ಸಾಮರ್ಥ್ಯ ಸುಮಾರು 185 ವಾಟ್. ಉರುಳುರೋಧದ ಗುಣಾಂಕ 0.005 ಆದರೆ ಅದನ್ನು ಮೀರಲು ಬೇಕಾಗುವುದು 34 ವಾಟ್ ಮಾತ್ರ. ಒಟ್ಟು ಸುಮಾರು 220 ವಾಟ್. ಇದರಲ್ಲಿ ಶೇಕಡ 84 ಭಾಗ ಗಾಳಿಯ ಪಾಲು!

ಈಗ ಮೂರು ಸುಧಾರಣೆಗಳನ್ನು ಹೋಲಿಸೋಣ. ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿಮೀ. ರಸ್ತೆ ಸಮತಟ್ಟು, ಎದುರುಗಾಳಿ ಇಲ್ಲ, ಸವಾರನ ಸಾಮರ್ಥ್ಯ ಅದೇ 220 ವಾಟ್ ಎಂದು ಭಾವಿಸಿದರೆ ಈ ದೂರಕ್ಕೆ 50 ನಿಮಿಷ ಬೇಕು.

1. ಸೈಕಲ್ಲಿನ ತೂಕ 1 ಕಿಗ್ರಾಂ ಇಳಿದರೆ ಉಳಿಯುವ ಸಮಯ 2ರಿಂದ 3 ಸೆಕೆಂಡ್.
2. ಉತ್ತಮ ಟೈರಿನಿಂದ ಉರುಳುರೋಧದ ಗುಣಾಂಕ 0.006ರಿಂದ 0.005ಕ್ಕೆ ಇಳಿದರೆ ಉಳಿಯುವುದು ಸುಮಾರು 35 ಸೆಕೆಂಡ್.
3. ಸವಾರ ಚೆನ್ನಾಗಿ ಬಾಗಿ, ಪರಿಣಾಮಕಾರಿ ವಿಸ್ತೀರ್ಣ 0.35ರಿಂದ 0.32ಕ್ಕೆ ಇಳಿದರೆ ಉಳಿಯುವುದು ಸುಮಾರು 85 ಸೆಕೆಂಡ್.

ಏರಿನಲ್ಲಿ ಮಾತ್ರ ತೂಕಕ್ಕೆ ಬೆಲೆ ಹೆಚ್ಚು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದು ಈಗ ಚಿಕ್ಕಬಳ್ಳಾಪುರಕ್ಕೆ ಸೇರಿರುವ ನಂದಿಬೆಟ್ಟದಂಥ ಕಡೆ ಇದನ್ನು ಕಾಣಬಹುದು. ಶೇಕಡ 6ರ ಏರಿನಲ್ಲಿ ಗಂಟೆಗೆ 12 ಕಿಮೀ ವೇಗದಲ್ಲಿ 5 ಕಿಮೀ ಹತ್ತಲು 25 ನಿಮಿಷ ಬೇಕು. ಅಲ್ಲಿ 1 ಕಿಗ್ರಾಂ ಉಳಿತಾಯದಿಂದ ಸುಮಾರು 20 ಸೆಕೆಂಡ್ ಗಳಿಸಬಹುದು. ಬೆಟ್ಟದ ಸ್ಪರ್ಧೆಯಲ್ಲಿ ಇದು ಸಣ್ಣದಲ್ಲ. ಆದರೆ ಕೋಲಾರ, ಮಾಲೂರು, ಶ್ರೀನಿವಾಸಪುರಗಳ ನಡುವಿನ ಅಲೆಯಂಥ ಏರಿಳಿತದ ರಸ್ತೆಗಳಲ್ಲಿ ಇಂಥ ಉದ್ದನೆಯ ಏರುಗಳು ಅಪರೂಪ.

‘ಚಕ್ರದ ತೂಕ ಎರಡು ಪಟ್ಟು ಲೆಕ್ಕ’ ಎಂಬ ಮಾತನ್ನು ಅಂಗಡಿಗಳಲ್ಲಿ ಕೇಳಬಹುದು. ವೇಗ ಹೆಚ್ಚಿಸುವಾಗ ಇದು ನಿಜ. ರಿಮ್ಮಿಗೆ ಮುಂದೆ ಸಾಗುವ ಚಲನಶಕ್ತಿಯ ಜೊತೆಗೆ ತಿರುಗುವ ಚಲನಶಕ್ತಿಯನ್ನೂ ಒದಗಿಸಬೇಕು. ಆದರೆ ರಿಮ್ಮುಗಳಲ್ಲಿ 200 ಗ್ರಾಂ ಉಳಿಸಿದರೂ 70 ಕಿಗ್ರಾಂ ಮೊತ್ತದಲ್ಲಿ ಅದು 400 ಗ್ರಾಂಗೆ ಸಮ, ಅಂದರೆ ಶೇಕಡ 0.6ರಷ್ಟು ಮಾತ್ರ. ತೂಕದ ಓಟಕ್ಕೊಂದು ಮಿತಿಯೂ ಇದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ರಸ್ತೆ ಸ್ಪರ್ಧೆಯ ಸೈಕಲ್ 6.8 ಕಿಗ್ರಾಂಗಿಂತ ಹಗುರವಾಗಿರುವಂತಿಲ್ಲ.

ದೇಹಕ್ಕೆ ಒಪ್ಪುವ ಅಳತೆ

ಬಾಗಿ ಕುಳಿತರೆ 85 ಸೆಕೆಂಡ್ ಉಳಿಯುತ್ತದೆ ಎಂದ ಮೇಲೆ ತಗ್ಗಿನ ಹ್ಯಾಂಡಲ್ಲಿನ ‘ಅ’ ಉತ್ತಮವಲ್ಲವೇ? ಇಲ್ಲೇ ಎಚ್ಚರ ಬೇಕು. ಉಳಿತಾಯ ಸಿಗುವುದು ಆ ಭಂಗಿಯಲ್ಲಿ 50 ನಿಮಿಷವೂ ಇರಬಲ್ಲವರಿಗೆ. ಸೊಂಟ, ತೊಡೆಗಳ ಸ್ನಾಯುಗಳು ಪಳಗದ ಹೊಸಬರು ಹತ್ತೇ ನಿಮಿಷಕ್ಕೆ ಬೆನ್ನು ನೆಟ್ಟಗೆ ಮಾಡುತ್ತಾರೆ. ಆಗ ಗಾಳಿಗೆ ಒಡ್ಡಿಕೊಳ್ಳುವ ವಿಸ್ತೀರ್ಣ ಮೊದಲಿಗಿಂತ ಹೆಚ್ಚೇ ಆಗುತ್ತದೆ. ಸ್ವಲ್ಪ ಎತ್ತರದ ಹ್ಯಾಂಡಲ್ ಇದ್ದರೆ ಮೊಣಕೈ ಮಡಿಸಿ ಬಹಳ ಹೊತ್ತು ಬಾಗಿರಬಹುದು. ಅಭ್ಯಾಸವಾದಂತೆ ಹ್ಯಾಂಡಲ್ ಕೆಳಗಿನ ಬಳೆಗಳನ್ನು ತೆಗೆದು ಅದನ್ನು ತಗ್ಗಿಸಬಹುದು. ಆದರೆ ತಗ್ಗಿನ ಚೌಕಟ್ಟನ್ನು ಎತ್ತರಿಸಲು ಅವಕಾಶ ಕಡಿಮೆ.

ಆದ್ದರಿಂದ ಕೇವಲ ‘52’, ‘54’ ಎಂಬ ಅಳತೆಯ ಹೆಸರನ್ನು ನಂಬಬೇಡಿ. ಒಂದು ಕಂಪನಿಯ 52 ಇನ್ನೊಂದರ 54ಕ್ಕೆ ಸಮನಿರಬಹುದು. ತಯಾರಕರ ಪಟ್ಟಿಯಲ್ಲಿ ‘ಸ್ಟ್ಯಾಕ್’, ‘ರೀಚ್’ ಎಂಬ ಎರಡು ಅಂಕಿಗಳನ್ನು ಹುಡುಕಿ. ಪೆಡಲ್ ಅಚ್ಚಿನ ಕೇಂದ್ರದಿಂದ ಚೌಕಟ್ಟಿನ ತಲೆಕೊಳವೆಯ ತುದಿಗೆ ಇರುವ ಲಂಬ ಎತ್ತರ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ ರೀಚ್. ಎರಡು ಸೈಕಲ್‌ಗಳನ್ನು ನ್ಯಾಯವಾಗಿ ಹೋಲಿಸಲು ಇವೇ ಆಧಾರ.

ಸೀಟಿನ ಎತ್ತರಕ್ಕೂ ಒಂದು ಸೂತ್ರವಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ತೊಡೆಸಂಧಿಯಿಂದ ನೆಲದವರೆಗಿನ ಉದ್ದ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಸಿಗುತ್ತದೆ. ಉದ್ದ 78 ಸೆಂಮೀ ಆದರೆ ಇದು ಸುಮಾರು 69 ಸೆಂಮೀ. ಇದು ಆರಂಭದ ಅಂದಾಜು ಮಾತ್ರ. ಪೆಡಲ್ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಗಂಟೆಗೆ 5400 ಸಲ ಮೊಣಕಾಲು ಮಡಚಿ ಬಿಚ್ಚುತ್ತದೆ. ಸೀಟು ತಪ್ಪಿದರೆ ನೋವು ಬಾರದಿರುತ್ತದೆಯೆ?

ಗೇರು: ಒಂದು ಸುತ್ತಿಗೆ ಎಷ್ಟು ದೂರ?

ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ ಸಾಗುವ ದೂರ ತಿಳಿಯಲು ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ಪರಿಧಿಯಿಂದ ಗುಣಿಸಬೇಕು. ಪರಿಧಿ ‘ಅ’ಗೆ ಸುಮಾರು 2.1 ಮೀ, ‘ಆ’ಗೆ 2.15 ಮೀ.

ಅತಿ ಹಗುರ ಗೇರಿನಲ್ಲಿ ‘ಅ’ ಸಾಗುವುದು 3.28 ಮೀ, ‘ಆ’ 2.29 ಮೀ. ಮೇಲಿನ ಏರಿನಲ್ಲಿ ಗಂಟೆಗೆ 12 ಕಿಮೀ ವೇಗಕ್ಕೆ ‘ಅ’ದಲ್ಲಿ ನಿಮಿಷಕ್ಕೆ 61 ಸುತ್ತು ಬಲವಾಗಿ ಒತ್ತಿ ತುಳಿಯಬೇಕು. ‘ಆ’ದಲ್ಲಿ 87 ಸುತ್ತು ಹಗುರವಾಗಿ ತುಳಿದರಾಯಿತು. ಸಾಮರ್ಥ್ಯ ಎರಡರಲ್ಲೂ ಒಂದೇ. ಆದರೆ ‘ಅ’ದಲ್ಲಿ ಪ್ರತಿ ತುಳಿತಕ್ಕೂ ಬೇಕಾದ ಬಲ ಹೆಚ್ಚು. ಅದು ಮೊಣಕಾಲಿನ ಮೇಲೆ ಬೀಳುತ್ತದೆ.

ಅತಿ ಭಾರದ ಗೇರಿನಲ್ಲಿ 90 ಸುತ್ತಿಗೆ ‘ಅ’ದ ವೇಗ ಗಂಟೆಗೆ ಸುಮಾರು 55 ಕಿಮೀ, ‘ಆ’ದ ವೇಗ 53 ಕಿಮೀ. ಹೊಸಬರು ಈ ವೇಗ ಮುಟ್ಟುವುದು ಇಳಿಜಾರಿನಲ್ಲಿ ಮಾತ್ರ. ಹೀಗೆ ‘ಆ’ ಕಳೆದುಕೊಳ್ಳುವುದು ಅತ್ಯಲ್ಪ, ಗಳಿಸುವುದು ಬಹಳ.

ಟೈರು ಮತ್ತು ನಮ್ಮ ರಸ್ತೆ

‘ಟೈರು ತೆಳುವಾದಷ್ಟೂ ವೇಗ, ಗಾಳಿ ಗಟ್ಟಿಯಾದಷ್ಟೂ ವೇಗ’ ಎಂಬ ನಂಬಿಕೆ ಬಹುಕಾಲ ಇತ್ತು. ಹಿಂಚಕ್ರದ ಮೇಲೆ 400 ನ್ಯೂಟನ್ ಭಾರವಿದ್ದು ಒತ್ತಡ 7 ಬಾರ್ ಇದ್ದರೆ ಟೈರು ನೆಲಕ್ಕೆ ತಾಗುವ ವಿಸ್ತೀರ್ಣ ಸುಮಾರು 5.7 ಚದರ ಸೆಂಮೀ. ಒತ್ತಡ 4.5 ಬಾರ್‌ಗೆ ಇಳಿದರೆ 8.9 ಚದರ ಸೆಂಮೀ. ನುಣುಪಾದ ನೆಲದಲ್ಲಿ ಹೆಚ್ಚು ಒತ್ತಡದಿಂದ ಟೈರು ಕಡಿಮೆ ಬಾಗಿ, ಶಾಖವಾಗಿ ವ್ಯಯವಾಗುವ ಶಕ್ತಿ ಕಡಿಮೆಯಾಗುವುದು ನಿಜ. ಆದರೆ ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಮೇಲೆತ್ತುತ್ತದೆ. ಆ ಕಂಪನವನ್ನು ದೇಹದ ಸ್ನಾಯುಗಳು ಹೀರಿ ಶಕ್ತಿ ನಷ್ಟವಾಗುತ್ತದೆ. ಅಗಲ ಟೈರು ಕಡಿಮೆ ಒತ್ತಡದಲ್ಲಿ ಕಲ್ಲನ್ನು ತನ್ನೊಳಗೆ ನುಂಗಿ ಮುಂದೆ ಸಾಗುತ್ತದೆ. ವೃತ್ತಿಪರ ಸ್ಪರ್ಧಿಗಳೂ ಈಗ 28 ಮಿಮೀ ಹಾಗೂ ಅದಕ್ಕೂ ಅಗಲದ ಟೈರು ಬಳಸುತ್ತಿದ್ದಾರೆ.

ಕೋಲಾರದ ಒಳರಸ್ತೆಗಳನ್ನು ನೆನೆಯಿರಿ. ಸುಗ್ಗಿಯಲ್ಲಿ ಒಕ್ಕಣೆಗೆಂದು ಹರಡಿದ ರಾಗಿ, ಹುರುಳಿ. ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ ಲಾರಿಗಳಿಂದ ಉದುರಿದ ಮಣ್ಣು, ಮರಳು. ರಸ್ತೆ ಅಂಚಿನ ನೆಗ್ಗಿಲು ಮುಳ್ಳು, ಜಾಲಿಮುಳ್ಳು. ಇಲ್ಲಿ ಅಗಲ ಟೈರಿನ ಹಿಡಿತ ಸುರಕ್ಷತೆಯ ವಿಷಯವೂ ಹೌದು. ಆದರೂ ಹುರುಳಿ ಸೊಪ್ಪಿನ ಮೇಲೆ ಯಾವ ಟೈರೂ ಜಾರದೆ ಇರದು. ಇಳಿದು ತಳ್ಳಿಕೊಂಡು ಹೋಗುವುದೇ ಲೇಸು.

ಬ್ರೇಕು ಮತ್ತು ಸ್ಥಿರತೆ

ಒಣ ಟಾರು ರಸ್ತೆಯಲ್ಲಿ ಸೈಕಲ್ ನಿಲ್ಲುವ ದೂರವನ್ನು ನಿರ್ಧರಿಸುವುದು ಬ್ರೇಕಿನ ಶಕ್ತಿಯಲ್ಲ. ಬಹಳ ಜೋರಾಗಿ ಹಿಡಿದರೆ ಸವಾರ ಮುಂದಕ್ಕೆ ಮಗುಚುತ್ತಾನೆ. ಸುರಕ್ಷಿತ ಮಿತಿ ಗುರುತ್ವ ವೇಗೋತ್ಕರ್ಷದ ಅರ್ಧದ ಆಸುಪಾಸು. ಆ ಮಿತಿಯಲ್ಲಿ ಗಂಟೆಗೆ 36 ಕಿಮೀ ವೇಗದಿಂದ ನಿಲ್ಲಲು ಸುಮಾರು 10 ಮೀ ಬೇಕು. ಕಂಡು, ಯೋಚಿಸಿ, ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿ ಇನ್ನೂ 10 ಮೀ ಸಾಗಿರುತ್ತದೆ. ಒಳ್ಳೆಯ ರಿಮ್ ಬ್ರೇಕೂ ಈ ಮಿತಿ ಮುಟ್ಟಬಲ್ಲದು. ಡಿಸ್ಕ್ ಬ್ರೇಕಿನ ಲಾಭ ಮಳೆಯಲ್ಲಿ ಎದ್ದುಕಾಣುತ್ತದೆ. ಆದರೆ ತೈಲಚಾಲಿತ ಡಿಸ್ಕ್ ಬ್ರೇಕನ್ನು ರಿಪೇರಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೆ? ಪ್ರತಿ ಸಲವೂ ಬೆಂಗಳೂರಿಗೆ ಒಯ್ಯಬೇಕಾದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿ.

ಮುಂಗವಲಿನ ಓರೆಯೂ ಗಮನಾರ್ಹ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಚಾಚಿದರೆ ಅದು ಟೈರು ನೆಲಮುಟ್ಟುವ ಬಿಂದುವಿಗಿಂತ ಮುಂದೆ ಸೇರುತ್ತದೆ. ಈ ಅಂತರಕ್ಕೆ ‘ಟ್ರೇಲ್’ ಎನ್ನುತ್ತಾರೆ. ತಲೆಕೊಳವೆಯ ಕೋನ 73 ಡಿಗ್ರಿ ಇದ್ದು, ಮುಂಗವಲು 45 ಮಿಮೀ ಮುಂಚಾಚಿರುವ 25 ಮಿಮೀ ಟೈರಿನ ಸೈಕಲ್ಲಿನಲ್ಲಿ ಇದು ಸುಮಾರು 56 ಮಿಮೀ. ಕೋನ 72 ಡಿಗ್ರಿಗೆ ಇಳಿದು ಟೈರು 32 ಮಿಮೀ ಆದರೆ 64 ಮಿಮೀ. ಟ್ರೇಲ್ ಹೆಚ್ಚಿದಂತೆ ಸಾಮಾನ್ಯವಾಗಿ ಸೈಕಲ್ ನೇರ ಸಾಗುತ್ತದೆ. ಕಡಿಮೆಯಾದಂತೆ ಚುರುಕಾಗಿ ತಿರುಗುತ್ತದೆ. ಸ್ಥಿರತೆಗೆ ಇದೊಂದೇ ಕಾರಣವಲ್ಲ. ಟ್ರೇಲ್ ಆಗಲಿ ಚಕ್ರಗಳ ಗೈರೋ ಪರಿಣಾಮವಾಗಲಿ ಇಲ್ಲದ ಸೈಕಲ್ ಕೂಡ ತಾನಾಗಿ ಬೀಳದೆ ಸಾಗಬಲ್ಲದೆಂದು 2011ರಲ್ಲಿ ಡಚ್ ಮತ್ತು ಅಮೆರಿಕನ್ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು.

ನೀವೇ ಮಾಡಿ ನೋಡಿ

ಗಾಳಿ ಬೀಸದ ಹೊತ್ತು, ವಾಹನಗಳಿಲ್ಲದ ಸಮತಟ್ಟಾದ ಜಾಗ ಆರಿಸಿ. ಸೆಕೆಂಡಿಗೆ 2 ಮೀ ವೇಗದಲ್ಲಿ ಒಂದು ಗೆರೆ ದಾಟಿದೊಡನೆ ತುಳಿಯುವುದನ್ನು ನಿಲ್ಲಿಸಿ, ಸೈಕಲ್ ತಾನಾಗಿ ನಿಲ್ಲುವವರೆಗಿನ ದೂರ ಅಳೆಯಿರಿ. ವೇಗದ ವರ್ಗವನ್ನು ದೂರದ ಎರಡು ಪಟ್ಟು ಹಾಗೂ 9.8ರ ಗುಣಲಬ್ಧದಿಂದ ಭಾಗಿಸಿದರೆ ಉರುಳುರೋಧದ ಗುಣಾಂಕದ ಅಂದಾಜು ದೊರೆಯುತ್ತದೆ. ದೂರ 40 ಮೀ ಆದರೆ ಗುಣಾಂಕ ಸುಮಾರು 0.005. ನೆಲದ ಇಳಿಜಾರಿನ ಪರಿಣಾಮ ಕಳೆಯಲು ವಿರುದ್ಧ ದಿಕ್ಕಿನಲ್ಲೂ ಮಾಡಿ, ಎರಡೂ ಗುಣಾಂಕಗಳ ಸರಾಸರಿ ತೆಗೆಯಿರಿ. ಟೈರಿನ ಒತ್ತಡ ಬದಲಿಸಿ ಮತ್ತೆ ಅಳೆಯಿರಿ. ಇದಕ್ಕೆ ರೇಸ್ ಸೈಕಲ್ಲೇ ಬೇಕಿಲ್ಲ. 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ 8ನೇ ತರಗತಿ ಮಕ್ಕಳಿಗೆ ಸರ್ಕಾರ ನೀಡಿದಂಥ ಸಾದಾ ಸೈಕಲ್ಲೂ ಸಾಕು.

ಕೊನೆಗೆ ಯಾವುದು?

ಮೊದಲು ದೇಹಕ್ಕೆ ಒಪ್ಪುವ ಅಳತೆ, ನಂತರ ಗೇರು, ಆಮೇಲೆ ಟೈರಿಗಿರುವ ಸ್ಥಳಾವಕಾಶ, ಬಳಿಕ ಬ್ರೇಕು ಮತ್ತು ರಿಪೇರಿಯ ಅನುಕೂಲ. ತೂಕ ಕಡೆಯದು. ಈ ಕ್ರಮದಲ್ಲಿ ನೋಡಿದರೆ ಕೋಲಾರದ ಹೊಸ ಸ್ಪರ್ಧಿಗೆ ‘ಆ’ ಹೆಚ್ಚು ಸೂಕ್ತ. ಆದರೆ ‘ಅ’ ದೇಹಕ್ಕೆ ಸರಿಯಾಗಿ ಒಪ್ಪಿ, ‘ಆ’ ಒಪ್ಪದಿದ್ದರೆ ‘ಅ’ವನ್ನೇ ಕೊಳ್ಳಬೇಕು. ಹಿಂದಿನ ಹಲ್ಲುಚಕ್ರಗಳನ್ನೂ ಟೈರನ್ನೂ ಅದರಲ್ಲಿ ಒಂದು ಮಿತಿಯೊಳಗೆ ಬದಲಿಸಬಹುದು, ಚೌಕಟ್ಟನ್ನು ಬದಲಿಸಲಾಗದು. ಸ್ಪರ್ಧೆಯ ಸಂಘಟಕರಿಂದ ವಯೋವಿಭಾಗದ ನಿಯಮಗಳನ್ನು ಮೊದಲೇ ಕೇಳಿ ತಿಳಿಯಿರಿ. ಇರುವ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯದೆ ಹೆಲ್ಮೆಟ್, ಪಂಪು, ಎರಡು ಟ್ಯೂಬು, ಹಿಂದಿನ ಕೆಂಪು ದೀಪಗಳಿಗೂ ಉಳಿಸಿಕೊಳ್ಳಿ. ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ಮುಂಜಾನೆಯ ಮಬ್ಬಿನಲ್ಲಿ ಅಭ್ಯಾಸ ಮಾಡುವವರಿಗೆ ಆ ಕೆಂಪು ದೀಪ ಒಂದು ಕಿಲೋ ಉಳಿತಾಯಕ್ಕಿಂತ ದೊಡ್ಡದು.