ಗ್ರಂಥಪಾಲನ ಶಿಕ್ಷಣ ಮತ್ತು ಲೋಕಸಂಪರ್ಕ: ಬೀದರ, ಭಾಲ್ಕಿ, ಔರಾದಗಳ ನಿದರ್ಶನ

ಗ್ರಂಥಾಲಯ ಶಾಸ್ತ್ರವನ್ನು ಅಭ್ಯಸಿಸುವವರು ವರ್ಗೀಕರಣ, ಸೂಚೀಕರಣಗಳನ್ನು ತರಗತಿಯಲ್ಲಿ ಕಲಿಯುತ್ತಾರೆ. ಇವು ಪುಸ್ತಕಕ್ಕೆ ಸಂಬಂಧಿಸಿದ ವಿದ್ಯೆಗಳು. ಆದರೆ ಪುಸ್ತಕವನ್ನು ಓದಬೇಕಾದವರು ಯಾರು, ಅವರ ಮನೆಮಾತು ಯಾವುದು, ಅವರು ಗ್ರಂಥಾಲಯದ ಹೊಸ್ತಿಲನ್ನು ಏಕೆ ತುಳಿದಿಲ್ಲ ಎಂಬ ಪ್ರಶ್ನೆಗಳಿಗೆ ಊರಿನಲ್ಲಿಯೇ ಉತ್ತರ ದೊರೆಯಬೇಕು. ನಾವು ಇತಿಹಾಸದ ಅಧ್ಯಾಪಕರು. ಗ್ರಂಥಾಲಯ ಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ಮಾತನಾಡಲಾರೆವು. ಆದರೂ ಬೀದರ ಜಿಲ್ಲೆಯ ಇತಿಹಾಸವು ಈ ವಿಷಯದಲ್ಲಿ ಕಲಿಸುವ ಪಾಠವೊಂದುಂಟು. ಅದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನು ಬೀದರ ನಗರದಲ್ಲಿ ಕಟ್ಟಿಸಿದ ಮದರಸವು 1472ರಲ್ಲಿ ಪೂರ್ಣಗೊಂಡಿತು. ಮೂರು ಅಂತಸ್ತುಗಳ ಆ ಭವನದಲ್ಲಿ ಪಾಠದ ಕೊಠಡಿಗಳು, ಅಧ್ಯಾಪಕ ವಿದ್ಯಾರ್ಥಿಗಳ ವಸತಿ, ಮಸೀದಿಗಳೊಡನೆ ಗ್ರಂಥಭಂಡಾರವೂ ಇದ್ದಿತು. ಅದರಲ್ಲಿ 3,000 ಹಸ್ತಪ್ರತಿಗಳಿದ್ದುವೆಂಬುದು ಪ್ರಸಿದ್ಧ. ಗವಾನನು 1481ರಲ್ಲಿ ಸುಳ್ಳು ಆಪಾದನೆಗೆ ಬಲಿಯಾದನು. 17ನೆಯ ಶತಮಾನದ ಕೊನೆಯಲ್ಲಿ, ಮೊಗಲರ ಕಾಲದಲ್ಲಿ, ಅಲ್ಲಿ ಶೇಖರಿಸಿದ್ದ ಸಿಡಿಮದ್ದು ಸ್ಫೋಟಗೊಂಡು ಕಟ್ಟಡವೂ ಜೀರ್ಣವಾಯಿತು. ಇಂದು ಮಿನಾರವೊಂದು, ಬಣ್ಣದ ಹೆಂಚಿನ ಅಲಂಕಾರದ ಕೆಲವು ಭಾಗಗಳು ಉಳಿದಿವೆ. ಆ ಗ್ರಂಥಭಂಡಾರ ಉಳಿದಿಲ್ಲ.

ಇದರೊಡನೆ ಭಾಲ್ಕಿಯ ಸಂಗತಿಯನ್ನು ಹೋಲಿಸಿ ನೋಡಬಹುದು. ನಿಜಾಮರ ಆಳ್ವಿಕೆಯಲ್ಲಿ ಆಡಳಿತಕ್ಕೂ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿದ್ದಾಗ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿಸಿ ಒಳಗೆ ಕನ್ನಡ ಪಾಠವನ್ನು ನಡೆಯಿಸಿದರೆಂಬುದು ಈ ಭಾಗದಲ್ಲಿ ಎಲ್ಲರೂ ಬಲ್ಲ ವಿಷಯ. ಅಲ್ಲಿ ಭವ್ಯ ಭವನವಿರಲಿಲ್ಲ, ರಾಜಾಶ್ರಯವಿರಲಿಲ್ಲ. ಮಕ್ಕಳನ್ನು ಕಳುಹಿಸುವ ಮನೆಗಳಿದ್ದುವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಕನ್ನಡ ಓದಬಲ್ಲವರು ಇಲ್ಲಿ ಉಳಿದಿದ್ದರೆ, ಅದರಲ್ಲಿ ಇಂತಹ ಪ್ರಯತ್ನಗಳ ಪಾಲು ದೊಡ್ಡದು. ಕಟ್ಟಡವು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ವಿದ್ಯೆಯು ಒಬ್ಬ ಪೋಷಕನನ್ನು ನಂಬಿದಾಗ ಅವನೊಡನೆ ಅಳಿಯುವ ಭಯವುಂಟು, ಹಲವು ಮನೆಗಳನ್ನು ನಂಬಿದಾಗ ಉಳಿಯುವ ಆಸೆಯುಂಟು ಎಂಬುದಷ್ಟೇ ನಮ್ಮ ಅಭಿಪ್ರಾಯ.

1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಹಿಂದೆಯೂ ಇದೇ ಭಾವನೆಯಿದೆ. ಅದರಂತೆ ಗ್ರಂಥಾಲಯಕ್ಕಾಗಿ ಜನರಿಂದಲೇ ಕರವನ್ನು ಪಡೆಯಲಾಗುತ್ತದೆ. ಆದುದರಿಂದ ಗ್ರಂಥಾಲಯಕ್ಕೆ ಬಾರದವನೂ ಅದರ ಒಡೆಯರಲ್ಲಿ ಒಬ್ಬನು. ಪ್ರತಿಯೊಬ್ಬ ವಾಚಕನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕೆಂದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಸಾರಿದ್ದರು. ಆ ವಾಚಕನನ್ನು ಅರಿಯದೆ ಈ ಸೂತ್ರವನ್ನು ಪಾಲಿಸುವುದಾದರೂ ಹೇಗೆ?

ಔರಾದ ತಾಲ್ಲೂಕಿಗೆ ಹೋದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮಹಾರಾಷ್ಟ್ರ, ತೆಲಂಗಾಣಗಳೆರಡಕ್ಕೂ ಹೊಂದಿಕೊಂಡ ಈ ಗಡಿಯಲ್ಲಿ ಕನ್ನಡದೊಡನೆ ಮರಾಠಿ, ತೆಲುಗು, ಉರ್ದು, ತಾಂಡಾಗಳ ಲಂಬಾಣಿ ನುಡಿ ಕೇಳಿಬರುತ್ತವೆ. ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಭಾಷೆಯಿರುವ ಮಗುವಿಗೆ ಯಾವ ಪುಸ್ತಕವನ್ನು ಮೊದಲು ಕೊಡಬೇಕೆಂಬುದನ್ನು ವರ್ಗೀಕರಣದ ಕೋಷ್ಟಕವು ಹೇಳಲಾರದು.

ಇಲ್ಲಿ ವಿದ್ಯಾರ್ಥಿಯು ಕೈಗೊಳ್ಳಬಹುದಾದ ಕಾರ್ಯಗಳು ಮೂರು. ಮೊದಲನೆಯದು, ಒಂದು ಓಣಿಯ ಅಥವಾ ತಾಂಡಾದ ಮನೆಮನೆಗೂ ಹೋಗಿ, ಯಾರು ಯಾವ ಭಾಷೆಯಲ್ಲಿ ಏನನ್ನು ಓದುತ್ತಾರೆ, ಯಾವ ಹೊತ್ತಿಗೆ ಬಿಡುವಾಗಿರುತ್ತಾರೆ ಎಂಬುದನ್ನು ಬರೆದುಕೊಳ್ಳುವುದು. ಪುಸ್ತಕಗಳ ಆಯ್ಕೆಯನ್ನೂ ಗ್ರಂಥಾಲಯದ ವೇಳೆಯನ್ನೂ ಗೊತ್ತುಪಡಿಸುವ ವಿವೇಕ ಇದರಿಂದ ಬರುತ್ತದೆ. ಎರಡನೆಯದು, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಿ ಹೇಳುವುದು, ಓದುಬಾರದವರಿಗೆ ಅರ್ಜಿ, ಪ್ರಕಟಣೆಗಳನ್ನು ವಿವರಿಸುವುದು. ಕೇಳುವವನ ತಡವರಿಸುವ ಮಾತಿನಿಂದ ಅವನ ನಿಜವಾದ ಅಗತ್ಯವನ್ನು ತಿಳಿಯುವುದೇ ಪರಾಮರ್ಶನ ಸೇವೆಯ ಜೀವಾಳ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿ ಇದಕ್ಕೆ ದಾರಿಮಾಡಿದೆ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ನಿಜಾಮರ ಕಾಲದ ಉರ್ದು ಕಾಗದಪತ್ರಗಳು, ಮೋಡಿ ಲಿಪಿಯ ಮರಾಠಿ ಲೆಕ್ಕಗಳು, ಮಠಗಳ ಓಲೆಗರಿಗಳು, ಇಂತಹವುಗಳನ್ನು ಇಟ್ಟುಕೊಂಡಿರುವ ಮನೆಯವರ ಒಪ್ಪಿಗೆ ಪಡೆದು ಪಟ್ಟಿಮಾಡುವುದು. ಪತ್ರಗಳು ಮನೆಯಲ್ಲಿಯೇ ಉಳಿಯಲಿ. ಪಟ್ಟಿಯು ಗ್ರಂಥಾಲಯಕ್ಕೆ ಬರಲಿ. ಗೆದ್ದಲಿಗಿಂತಲೂ ಬೇಗನೆ ಆ ಲಿಪಿಗಳನ್ನು ಓದಬಲ್ಲ ಹಿರಿಯರು ಕಣ್ಮರೆಯಾಗುತ್ತಿದ್ದಾರೆ. ಅವರ ಬಳಿ ಕುಳಿತು ಒಂದೊಂದು ಪತ್ರದ ಸಾರವನ್ನು ಬರೆದುಕೊಂಡ ವಿದ್ಯಾರ್ಥಿಗೆ ಸೂಚೀಕರಣವು ಇನ್ನು ಪರೀಕ್ಷೆಯ ವಿಷಯ ಮಾತ್ರವಾಗಿ ಉಳಿಯದು.

ಒಂದು ಎಚ್ಚರಿಕೆ ಅವಶ್ಯ. ಪ್ರಮಾಣಪತ್ರಕ್ಕಾಗಿ ಒಂದು ದಿನ ಬಂದು ಭಾವಚಿತ್ರ ತೆಗೆಯಿಸಿಕೊಂಡು ಮರಳುವುದು ಸೇವೆಯೂ ಅಲ್ಲ, ಶಿಕ್ಷಣವೂ ಅಲ್ಲ. ಒಂದೇ ಊರಿಗೆ ಒಂದು ವರ್ಷವಾದರೂ ಮತ್ತೆ ಮತ್ತೆ ಹೋಗಬೇಕು. ಹೇಳುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ನಮ್ಮ ಕಾಲೇಜುಗಳು ಇದನ್ನು ಪಾಠಕ್ರಮದ ಹೊರಗಿನ ಉಪಕಾರವೆಂದು ಎಣಿಸದೆ, ಅಭ್ಯಾಸದ ಅಂಗವೆಂದೇ ಅಂಗೀಕರಿಸುವುದು ಉಚಿತ. ಗವಾನನ ಭಂಡಾರವನ್ನು ಮರಳಿ ತರಲು ನಮ್ಮಿಂದಾಗದು. ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಉಳಿದಿರುವುದನ್ನು ಕಾಪಾಡುವುದು ಮಾತ್ರ ನಮ್ಮ ಕೈಯಲ್ಲಿದೆ.